ನಮ್ಮ ವಕೀಲರ ಬಯಲ ಸಾಲಿ

ಮಕ್ಕಳಿಗೆ ಮನೆಯಲ್ಲೇ ವಿದ್ಯೆ ಕಲಿಸುತ್ತೇನೆ ಎಂದು ಗಂಡಸೊಬ್ಬ ಸೊಂಟ ಕಟ್ಟಿ ನಿಂತನೆಂದರೆ ಆ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನಡೆಯದಿದ್ದರೆ ಆಶ್ಚರ್ಯಪಡಬೇಕು.

ಆಗ ನಿಜಾಮರ ಆಳಿಕೆ. ನಾವಿದ್ದದ್ದು ಲಿಂಗಸುಗೂರಿನಲ್ಲಿ. ನಮ್ಮ ಯಜಮಾನರು ಅಲ್ಲಿನ ಕೋರ್ಟಿನಲ್ಲಿ ವಕೀಲರು. ಕಕ್ಷಿದಾರರು ಕಡಿಮೆ, ಅಭಿಪ್ರಾಯಗಳು ಬಹಳ. ಮೂವರು ಮಕ್ಕಳು: ದೊಡ್ಡವಳು ಮಗಳು, ನಡುವಿನವ ಮಗ, ಕೊನೆಯವಳು ಇನ್ನೂ ನನ್ನ ಸೆರಗು ಹಿಡಿದು ಓಡಾಡುವ ಸಣ್ಣಾಕಿ. ಯಜಮಾನರ ಪಾಠಗಳೆಲ್ಲ ಊರೂರು ತಿರುಗಿ ನಡೆಯುತ್ತಿದ್ದದ್ದರಿಂದ ನಾನೂ ಜೊತೆಗೆ ಹೋಗಲೇಬೇಕಾಗಿತ್ತು. ಮಕ್ಕಳಿಗೆ ಹಸಿವಾದರೆ ಏನು ಮಾಡಬೇಕೆಂಬುದು ಅವರು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಹೀಗಾಗಿ ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದೇನೆ. ಅವರನ್ನು ಕೇಳಿದರೆ ಬೇರೆ ಥರ ಹೇಳಿಯಾರು. ಅದು ಅವರ ಕಸುಬು.

ಮಾತು ಜಾರಿದ್ದು

ಮಗ ಸರಕಾರಿ ಶಾಲೆಗೆ ಹೋಗುತ್ತಿದ್ದ, ಮಗಳು ಅದರ ಪಕ್ಕದ ಹೆಣ್ಣುಮಕ್ಕಳ ಶಾಲೆಗೆ. ಪಾಠ ಎಲ್ಲ ಉರ್ದುವಿನಲ್ಲಿ. ಒಂದು ಸಲ ಶಾಲೆಯಲ್ಲಿ ಬಹುಮಾನ ಹಂಚುವ ಸಮಾರಂಭ ಇತ್ತು. ನಮ್ಮವರನ್ನು ಭಾಷಣಕ್ಕೆ ಕರೆದರು. ಇವರು ವಾರಗಟ್ಟಲೆ ಕನ್ನಡಿಯ ಮುಂದೆ ನಿಂತು ಉರ್ದು ಉರುಹಚ್ಚಿದರು. ನಾನು ಹಿಟ್ಟು ನಾದುವಾಗಲೂ ನನ್ನ ಮುಂದೆ ನಿಂತು ‘ಹಾಜರೀನ್!’, ಅಂದರೆ ಸಭಿಕರೇ, ಎಂದು ಕೈ ಎತ್ತುತ್ತಿದ್ದರು. ‘ನಾನು ನಿಮ್ಮ ಸೇವಕ’ ಎಂದು ಕೊನೆಗೆ ವಿನಯದಿಂದ ಹೇಳಬೇಕೆಂದು ಅವರ ಆಸೆ. ಸೇವಕನಿಗೆ ಉರ್ದುವಿನಲ್ಲಿ ಖಾದಿಮ್ ಅನ್ನುತ್ತಾರೆ.

ಸಮಾರಂಭದ ದಿನ ಶೇರವಾನಿ, ಕುಚ್ಚಿನ ರೂಮಿ ಟೋಪಿ ಹಾಕಿಕೊಂಡು, ಎದೆಯ ಮೇಲೆ ಕೈ ಇಟ್ಟು, ಎಲ್ಲರಿಗೂ ಕೇಳುವಂತೆ, ‘ಮೈಂ ಆಪ್‌ಕಾ ಕದೀಮ್ ಹೂಂ’ ಎಂದರು.

ಹೆಡ್‌ಮಾಸ್ತರರು ಒಳ್ಳೆಯ ಮನುಷ್ಯ. ಮೆಲ್ಲಗೇ ಹೇಳಿದರು: ‘ವಕೀಲ್ ಸಾಹೇಬ್ರ, ಅದು ಖಾದಿಮ್. ಕದೀಮ್ ಅಂದ್ರ ಪುರಾತನ ಕಾಲದ್ದು ಅಂತ ಆಗ್ತೈತಿ.’

ಹುಡುಗರೆಲ್ಲ ಗೊಳ್ಳೆಂದು ನಕ್ಕರು. ನಮ್ಮ ಮಗ ಎಲ್ಲರಿಗಿಂತ ಜೋರಾಗಿ ನಕ್ಕ.

ಮನೆಗೆ ಬಂದವರೇ ಟೋಪಿ ತೆಗೆದು ಒಗೆದರು. ‘ನಾಳಿಂದ ಮಕ್ಕಳು ಸಾಲಿಗೆ ಹೋಗೂದಿಲ್ಲ.’

‘ಯಾಕ್ರೀ?’

‘ತಾಯಿಭಾಷಾ ಅನ್ನೂದು ಒಂದು ಐತಿ. ಪರಭಾಷಾದಾಗ ಕಲ್ತ ಮಕ್ಕಳು ಉದ್ಧಾರ ಆಗೂದಿಲ್ಲ. ನಾನೇ ಕಲಸ್ತೀನಿ.’

‘ಇವತ್ತ ಮುಂಜಾನಿತನ ಉದ್ಧಾರ ಆಗಾಕತ್ತಿದ್ವಲ್ರೀ?’

ಊರಿನ ಮಂದಿ ಬಿಟ್ಟಾರೆಯೇ? ವಕೀಲರಿಗೆ ಕನ್ನಡದ ಮೇಲೆ ಎಂಥ ಅಭಿಮಾನ ಎಂದು ಹೊಗಳಿದ್ದೇ ಹೊಗಳಿದ್ದು. ಒಬ್ಬರು ಮನೆಗೇ ಬಂದು ಶಾಲು ಹೊದಿಸಿ ಹೋದರು. ನಾನು ಬೇಡ ಅನ್ನಲಿಲ್ಲ. ಪುರಾತನ ವಸ್ತುವಿನ ಮೇಲೆ ಧೂಳು ಕೂಡದಂತೆ ಏನಾದರೂ ಹೊದಿಸಿಡುವುದು ಒಳ್ಳೆಯದೇ.

ಮಸ್ಕಿಯ ಕಲ್ಲು

‘ಪುಸ್ತಕದಾಗ ಏನೈತಿ ಮಣ್ಣು! ಕಣ್ಣಿಲೆ ನೋಡಬೇಕು, ಕೈಲೆ ಮುಟ್ಟಬೇಕು, ಹಂಗ ಕಲೀಬೇಕು.’ ಇದು ಅವರ ಪದ್ಧತಿ. ಪುಸ್ತಕದಿಂದ ಕಲಿಸಬೇಕಾದರೆ ಮೊದಲು ತಾವು ಓದಬೇಕಾಗುತ್ತಿತ್ತು ಎಂಬುದು ನನಗೆ ಮೊದಲ ದಿನವೇ ತಿಳಿಯಿತು.

ನನ್ನ ತವರು ಮಸ್ಕಿ. ಅಲ್ಲಿಯ ಗುಡ್ಡದ ಬಂಡೆಯ ಮೇಲೆ ಬಹಳ ಹಿಂದಿನ ಕಾಲದ ಬರಹ ಇದೆ. ಇತಿಹಾಸದ ಪಾಠ ಅಲ್ಲಿಂದಲೇ ಶುರು ಎಂದು ಬಂಡಿ ಕಟ್ಟಿಸಿದರು. ಮರುದಿನ ನನ್ನ ತಮ್ಮನೂ ಜೊತೆಗೆ ಬಂದ. ಎಲ್ಲರೂ ಬಿಸಿಲಲ್ಲಿ ಏದುಸಿರು ಬಿಡುತ್ತ ಗುಡ್ಡ ಹತ್ತಿದೆವು. ಆ ಅಕ್ಷರಗಳನ್ನು ಓದುವವರು ಎಲ್ಲೋ ದೂರದ ಪಂಡಿತರು. ಓದಲು ಬರುವುದಿಲ್ಲ ಎಂದು ಮಕ್ಕಳ ಮುಂದೆ ಹೇಳಿದ್ದರೆ ಇವರ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಹೇಳಬೇಕಲ್ಲ!

ಬಂಡೆಯ ಮೇಲೆ ಬೆರಳಾಡಿಸುತ್ತ, ಕಣ್ಣು ಕಿರಿದು ಮಾಡಿ, ಗಡಸು ದನಿಯಲ್ಲಿ ಓದತೊಡಗಿದರು. ‘ಈ ಸೀಮಿಯ ಪ್ರಜೆಗಳು... ವರ್ಷಕ್ಕೊಂದು ಸಲ... ಅರಸನ ಅರಮನಿಗೆ... ಎಮ್ಮಿ ತುಪ್ಪವನ್ನು ಕಳಿಸತಕ್ಕದ್ದು...’

ಮಕ್ಕಳು ಬಾಯಿ ತೆರೆದು ಕೇಳಿದರು. ನನ್ನ ತಮ್ಮ ಕೆಮ್ಮಿದ. ನಾನು ಅವನ ಕಡೆ ನೋಡಲಿಲ್ಲ. ನೋಡಿದ್ದರೆ ಇಬ್ಬರಿಗೂ ನಗು ತಡೆಯುತ್ತಿರಲಿಲ್ಲ.

‘ಅಪ್ಪಾ, ಇನ್ನೊಮ್ಮೆ ಓದು’ ಎಂದಳು ಮಗಳು.

ಮತ್ತೆ ಬೆರಳಾಡಿತು. ‘ಈ ಸೀಮಿಯ ಪ್ರಜೆಗಳು... ಹಬ್ಬಕ್ಕೊಂದು ಸಲ... ಗುಡಿಗೆ... ಆಕಳ ತುಪ್ಪವನ್ನು...’

‘ಆಗ ಎಮ್ಮಿ ಅಂದಿದ್ದಿ, ಈಗ ಆಕಳ ಅಂತೀ?’

ಇವರು ಗಂಟಲು ಸರಿಮಾಡಿಕೊಂಡರು. ‘ಹಳೇ ಬರಹ. ಅಕ್ಷರ ಸವದಾವು.’

ಸಣ್ಣಾಕಿ ಅಕ್ಕನ ಕೈ ಜಗ್ಗಿ ಸಮಾಧಾನ ಹೇಳಿದಳು: ‘ಅಷ್ಟರಾಗ ಎಮ್ಮಿ ಸತ್ತಿರಬೇಕು, ಬಿಡಕ್ಕ.’

ಮುಟ್ಟಿ ಕಲಿಯುವುದು

ಇತಿಹಾಸ ಮುಗಿಯಿತು. ಮುಂದಿನದು ಗಿಡಗಂಟಿಯ ಪಾಠ. ಸಿಂಧನೂರಿನಲ್ಲಿ ಇವರ ಅಕ್ಕನ ಮನೆ. ಅಲ್ಲಿಗೆ ಹೊರಟಾಗ ದಾರಿಯುದ್ದಕ್ಕೂ ಬಂಡಿ ನಿಲ್ಲಿಸುವುದು, ಇಳಿಯುವುದು, ಎಲೆ ಹರಿಯುವುದು, ಮೂಸುವುದು, ಮಕ್ಕಳಿಗೆ ಮೂಸಿಸುವುದು. ಎತ್ತುಗಳಿಗೂ ಬೇಸರ ಬಂತು.

ಊರು ಇನ್ನೇನು ಬಂತು ಅನ್ನುವಾಗ ಬೇಲಿಯ ಮೇಲೆ ಒಂದು ಬಳ್ಳಿ ಕಂಡಿತು. ಅದರ ತುಂಬ ಕಂದು ಬಣ್ಣದ, ಮೈತುಂಬ ನವಿರು ಕೂದಲಿದ್ದ ಕಾಯಿ.

‘ನೋಡ್ರಿ, ದೇವರು ಗಿಡಕ್ಕೂ ರೇಷ್ಮಿ ಅಂಗಿ ಹೊಲ್ದು ಹಾಕ್ಯಾನ!’ ಎಂದು ಒಂದು ಕಾಯಿ ಕಿತ್ತರು.

ನಾನು ಬಂಡಿಯಿಂದಲೇ ಕೂಗಿದೆ: ‘ರೀ, ಅದು ನಸಗುನ್ನಿ ಐತ್ರೀ!’

‘ನೀ ಸುಮ್ಮನಿರು. ಪಾಠದ ನಡುವ ಮಾತಾಡಬ್ಯಾಡ.’

ಸುಮ್ಮನಾದೆ. ಪಾಠದ ನಡುವೆ ಮಾತಾಡುವುದು ತಪ್ಪಲ್ಲವೇ? ಅವರು ಕಾಯಿಯನ್ನು ಅಂಗೈಯಲ್ಲಿ ಸವರಿದರು, ಕೆನ್ನೆಗೆ ಒತ್ತಿದರು, ಎಷ್ಟು ಮೆತ್ತಗಿದೆ ಎಂದು ತೋರಿಸಲು ಕುತ್ತಿಗೆಯ ಸುತ್ತ ಒಂದು ಸುತ್ತು ಎಳೆದುಕೊಂಡರು. ಮಕ್ಕಳಿಗೆ ಕೊಡಲು ಕೈ ಚಾಚಿದರು. ಚಾಚಿದ ಕೈ ಹಾಗೇ ಹಿಂದಕ್ಕೆ ಹೋಗಿ ಕುತ್ತಿಗೆ ಕೆರೆಯತೊಡಗಿತು.

ಆಮೇಲೆ ನಡೆದದ್ದು ಕುಣಿತ. ಶೇರವಾನಿ ಒಂದು ಕಡೆ, ಟೋಪಿ ಒಂದು ಕಡೆ. ‘ಸಗಣಿ ಬಡಕೊಂಡ್ರ ಕಡಿಮಿ ಆಗ್ತೈತ್ರೀ’ ಎಂದೆ. ಸುತ್ತಮುತ್ತ ಎಲ್ಲೂ ಇರಲಿಲ್ಲ. ಎತ್ತುಗಳ ಹಿಂದೆ ನಿಂತು ಒಬ್ಬ ವಕೀಲರು ಅಷ್ಟು ಆಸೆಯಿಂದ ಕಾದದ್ದನ್ನು ನಾನು ಕಂಡದ್ದು ಅದೇ ಮೊದಲು. ಎತ್ತು ಕರುಣೆ ತೋರಿತು. ಮುಖ, ಕುತ್ತಿಗೆ, ಎದೆ ಎಲ್ಲ ಬಳಿದುಕೊಂಡು, ಬಿಸಿಲಿಗೆ ಒಣಗಿಸಿಕೊಂಡು, ನಮಗಿಂತ ಮುಂದೆ ಓಡೋಡುತ್ತ ಅಕ್ಕನ ಮನೆ ಸೇರಿ ಬಾಗಿಲು ಬಡಿದರು.

ನಮ್ಮ ಬಂಡಿ ಅಲ್ಲಿಗೆ ಬರುವ ಹೊತ್ತಿಗೆ ಅಕ್ಕ ಒಳಗಿಂದ ಬಂದಳು. ಬಾಗಿಲಲ್ಲಿ ನಿಂತ ಇವರದು ಬರಿಮೈ, ಮೈತುಂಬ ಬಳಿದುಕೊಂಡ ಬೂದುಬಣ್ಣ, ಕೆದರಿದ ಕೂದಲು. ಮೇಲಿಂದ ಕೆಳಗೆ ಒಮ್ಮೆ ನೋಡಿ ಕೈ ಮುಗಿದು ಹೇಳಿದಳು:

‘ಮುಂದಿನ ಮನಿಗೆ ಹೋಗಪ್ಪ ಸ್ವಾಮಿ. ನಮ್ಮಲ್ಲಿ ಇನ್ನೂ ಅಡಿಗಿ ಆಗಿಲ್ಲ.’

ನೀರಿನ ದಾರಿ

ಕುತ್ತಿಗೆಯ ಗುಳ್ಳೆ ಮಾಯುವ ಮೊದಲೇ ಭೂಗೋಳ ಬಂತು. ಪಾಮನಕಲ್ಲೂರಿನಲ್ಲಿ ನಮ್ಮ ಹೊಲ ಇತ್ತು. ಊರ ಹಿಂದಿನ ಹಳ್ಳದ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಹಳ್ಳದ ಗುಂಟ ನಡೆದೇ ಕಂಡುಹಿಡಿಯಬೇಕು ಎಂದರು. ಒಳ್ಳೆಯ ಯೋಚನೆಯೇ. ಆದರೆ ಹೊರಟದ್ದು ಸುಡುಬೇಸಿಗೆಯಲ್ಲಿ. ಹಳ್ಳದಲ್ಲಿ ನೀರು ಬಿಟ್ಟು ಉಳಿದದ್ದೆಲ್ಲ ಇತ್ತು: ಉಸುಕು, ಜಾಲಿಮುಳ್ಳು, ಒಂದು ಹಳೆಯ ಕೆರವು.

ಇವರು ಮುಂದೆ, ಮಕ್ಕಳು ಹಿಂದೆ, ಸಣ್ಣಾಕಿಯನ್ನು ಬಗಲಲ್ಲಿ ಎತ್ತಿಕೊಂಡು ನಾನು ಎಲ್ಲರ ಹಿಂದೆ. ಹಳ್ಳ ಕವಲಾದಲ್ಲೆಲ್ಲ ಇವರು ನಿಂತು, ಗಾಳಿಗೆ ಬೆರಳೆತ್ತಿ, ‘ಈ ಕಡೆ’ ಎನ್ನುತ್ತಿದ್ದರು. ನೀರಿಗೂ ಗಾಳಿಗೂ ಏನು ಸಂಬಂಧ ಎಂದು ಕೇಳುವಷ್ಟು ತ್ರಾಣ ನನ್ನಲ್ಲಿ ಉಳಿದಿರಲಿಲ್ಲ. ಹೊತ್ತು ಇಳಿಯುವಾಗ ಒಂದು ಊರು ಕಂಡಿತು. ‘ಇದು ಯಾವೂರಪ್ಪಾ?’ ಎಂದ ಮಗ. ‘ದೂರದ ಸೀಮಿ, ಮಂದಿ ಹೆಂಗಿರ್ತಾರೋ, ಮರ್ಯಾದಿಲೆ ಮಾತಾಡ್ರಿ’ ಎಂದರು.

ದಂಡೆಯ ಮೇಲೆ ಕೂತಿದ್ದ ಮುದುಕಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ನಮ್ಮ ಹೊಲದ ನೆರೆಯಾಕೆ. ನಾವು ಸುತ್ತು ಹಾಕಿ ಪಾಮನಕಲ್ಲೂರಿಗೇ ಬಂದಿದ್ದೆವು.

‘ಯಾಕ್ರೀ ವಕೀಲ್ರ, ಮುಂಜಾನಿಂದ ಹಳ್ಳದಾಗ ಏನ್ ಹುಡುಕಾಕತ್ತೀರಿ?’

ಮಗ ಮರ್ಯಾದೆಯಿಂದಲೇ ಹೇಳಿದ: ‘ನೀರು ಎಲ್ಲಿ ಹೋಗ್ತೈತಿ ಅಂತ ನೋಡಾಕತ್ತೀವಿ, ಆಯಿ.’

ಮುದುಕಿ ನಿಟ್ಟುಸಿರುಬಿಟ್ಟಳು. ‘ಗೊತ್ತಾದ್ರ ನಮಗೂ ಹೇಳ್ರಪ್ಪ. ಇಡೀ ಊರ ಅದನ್ನ ಕೇಳಾಕತ್ತೈತಿ.’

ಪರವಾನಗಿ

ಇಷ್ಟಾದರೂ ಇವರ ಹೆಸರು ದೊಡ್ಡದಾಗುತ್ತಲೇ ಹೋಯಿತು. ಬಯಲಲ್ಲಿ ಪಾಠ ಹೇಳುವ ವಕೀಲರು ಎಂದು ನೆರೆಮನೆಯವರು, ಹಿಂದಿನ ಓಣಿಯವರು ತಮ್ಮ ಮಕ್ಕಳನ್ನೂ ತಂದು ಬಿಟ್ಟರು. ತಂದು ಬಿಡದೆ ಏನು ಮಾಡ್ಯಾರು? ಮಕ್ಕಳೂ ಹೊರಗೆ, ಊಟವೂ ಹೊರಗೆ. ಬಡಿದ ರೊಟ್ಟಿ ನನ್ನವು.

ಸಂತೆಕಲ್ಲೂರಿನ ಕಡೆ ಹೊರಟ ಒಂದು ದಿನ ಮಕ್ಕಳು ಚದುರಬಾರದೆಂದು ಉದ್ದನೆಯ ಕೋಲಿಗೆ ಕೆಂಪು ಬಟ್ಟೆ ಕಟ್ಟಿ ನಮ್ಮ ಮಗನ ಕೈಗೆ ಕೊಟ್ಟಿದ್ದರು. ಅವನ ಹಿಂದೆ ಪಾಟಿ ಹಿಡಿದ ಮಕ್ಕಳ ಸಾಲು. ಸಾಲಿನ ಹಿಂದೆ ಬಂಡಿ. ಬಂಡಿಯಲ್ಲಿ ನಾನು.

ಎದುರಿಗೆ ಕುದುರೆಯ ಮೇಲೆ ಪೊಲೀಸ್ ಅಮೀನರು ಬಂದರು. ಆ ಕಾಲದಲ್ಲಿ ಪರವಾನಗಿ ಇಲ್ಲದೆ ಖಾಸಗಿ ಶಾಲೆ ನಡೆಸುವಂತಿರಲಿಲ್ಲ, ಮೆರವಣಿಗೆಗೂ ಪರವಾನಗಿ ಬೇಕು. ಅವರು ಕೆಂಪು ಬಟ್ಟೆ ನೋಡಿದರು, ಪಾಟಿಗಳನ್ನು ನೋಡಿದರು, ಕುದುರೆ ನಿಲ್ಲಿಸಿದರು.

‘ವಕೀಲ್ ಸಾಹೇಬ್, ಇದು ಮದರಸಾನೋ, ಜುಲೂಸೋ?’

ಈ ಕಾನೂನಿನ ವಿರುದ್ಧ ಹೈದರಾಬಾದಿನವರೆಗೂ ಹೋಗಿ ವಾದಿಸುತ್ತೇನೆ ಎಂದು ನಮ್ಮ ಪಡಸಾಲೆಯಲ್ಲಿ ಕೂತು ಎಷ್ಟು ಸಲ ತೊಡೆ ತಟ್ಟಿದ್ದರೋ! ಈಗ ನೋಡಿದರೆ, ‘ಹುಜೂರ್, ಮದರಸಾ ಅಲ್ರೀ... ಜುಲೂಸೂ ಅಲ್ರೀ... ಅಂದ್ರ ಇದು ಒಂಥರಾ...’ ಎನ್ನುತ್ತ ಬೆವರು ಒರೆಸಿಕೊಂಡರು. ಮಕ್ಕಳು ಹೆದರಿ ಬಂಡಿಯ ಹತ್ತಿರ ಒತ್ತಿಕೊಂಡರು. ಠಾಣೆಗೆ ನಡೆಯಿರಿ ಎಂದರೆ ಮಂದಿಯ ಮಕ್ಕಳನ್ನು ಕಟ್ಟಿಕೊಂಡು ಏನು ಮಾಡಲಿ? ಇವರು ಇನ್ನೂ ‘ಒಂಥರಾ’ ಹತ್ತಿರವೇ ನಿಂತಿದ್ದರು. ನಾನೇ ಸೆರಗು ಸರಿಮಾಡಿಕೊಂಡು ಹೇಳಿದೆ:

‘ಇದು ಸಂಸಾರ ರೀ ಸಾಹೇಬ್ರ.’

ಅಮೀನರು ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದರು. ‘ಇಷ್ಟೂ ಮಂದಿ?’

‘ಹೌದ್ರೀ. ಎಲ್ಲಾರಿಗೂ ನಾನೇ ಬಡಸ್ತೀನ್ರೀ.’

‘ಮತ್ತ ಇದಕ್ಕ ಪರವಾನಗಿ?’

‘ಇದಕ್ಕ ನನ್ನ ಪರವಾನಗೀನೇ ಯಾರೂ ಕೇಳಿಲ್ರೀ!’

ಅಮೀನರ ಮೀಸೆ ಅಲುಗಾಡಿತು. ಮುಖ ಆ ಕಡೆ ತಿರುಗಿಸಿಕೊಂಡು, ಆ ಕೆಂಪು ಬಟ್ಟೆ ಒಂದು ಬಿಚ್ಚಿಡಿ ಎಂದು ಹೇಳಿ ಕುದುರೆ ಹೊಡೆದರು. ಮರುದಿನದಿಂದ ಮಂದಿಯ ಮಕ್ಕಳು ಒಬ್ಬರೂ ಬರಲಿಲ್ಲ. ಯಜಮಾನರು ಮಾತ್ರ ಅಮೀನರನ್ನು ತಾವು ಹೇಗೆ ನಿರುತ್ತರಗೊಳಿಸಿದರು ಎಂದು ಕೋರ್ಟಿನ ಕಟ್ಟೆಯ ಮೇಲೆ ಹೇಳಿಕೊಂಡು ತಿರುಗಿದರು.

ಕೋಟೆಯ ಮುತ್ತಿಗೆ

ನಾನು ನಕ್ಕು ಹೇಳುತ್ತಿದ್ದೇನೆ, ಮಗಳಿಗೆ ನಗು ಇರಲಿಲ್ಲ. ಅವಳ ಗೆಳತಿಯೊಬ್ಬಳು ಮುಂದಿನ ತರಗತಿಗೆ ಹೋಗಿ, ಹೊಸ ಪುಸ್ತಕ ತೋರಿಸಲು ನಮ್ಮ ಮನೆಗೆ ಬಂದಿದ್ದಳು. ಆಕೆ ಹೋದ ಮೇಲೆ ಇವಳು ಅಡಿಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಳು. ಎಷ್ಟು ಕರೆದರೂ ತಿರುಗಲಿಲ್ಲ. ಕೊನೆಗೆ, ‘ಯವ್ವಾ, ನಾ ಸಾಲಿಗೆ ಹೋಗಬೇಕು’ ಎಂದಳು, ಅಷ್ಟೇ. ಅಂದು ಯಜಮಾನರಿಗೆ ಹೇಳಿದೆ. ‘ಮಗನ್ನ ಬೇಕಾದ್ರ ಮುಂದ ನೋಡೂಣು. ಹುಡುಗಿಗೆ ಇನ್ನೇನು ಬೇಕು? ನಾ ಕಲಿಸಿದ್ದ ಸಾಕು’ ಎಂದರು. ಎಮ್ಮೆ, ಆಕಳು, ನಸಗುನ್ನಿ ಕಲಿತವಳಿಗೆ ಇನ್ನೇನು ಬೇಕು, ನಿಜವೇ.

ಅದೇ ವಾರ ಮುದಗಲ್ ಕೋಟೆಗೆ ಹೋದೆವು. ಯುದ್ಧದ ಪಾಠ. ಕೋಟೆಯ ಒಳಗೆ ಕಾವಲುಗಾರರು ಇರುತ್ತಿದ್ದ ಒಂದು ಕಲ್ಲಿನ ಕೋಣೆ. ಗಟ್ಟಿ ಬಾಗಿಲು, ಗೋಡೆಯಲ್ಲಿ ಮುಖ ಹಿಡಿಸುವಷ್ಟು ಕಿಂಡಿ.

‘ನಾ ಕಿಲ್ಲೇದಾರ, ಒಳಗಿರ್ತೀನಿ. ನೀವು ವೈರಿ ದಂಡು. ತೋಪಿಲ್ಲ, ಕತ್ತಿಯಿಲ್ಲ. ಕಿಲ್ಲೆ ಹೆಂಗ ಗೆಲ್ತೀರಿ? ಒಳಗಿನವರು ಹೊರಗ ಬರಬಾರದು, ಹೊರಗಿನ ಅನ್ನ ಒಳಗ ಹೋಗಬಾರದು. ಇಷ್ಟ ಮಾಡ್ರಿ, ಕಿಲ್ಲೆ ತಾನ ಬೀಳ್ತೈತಿ’ ಎಂದು ಹೇಳಿ ಒಳಗೆ ಹೋಗಿ ಬಾಗಿಲು ಎಳೆದುಕೊಂಡರು.

ಮಗ ಹೊರಗಿನಿಂದ ಚಿಲಕ ಹಾಕಿದ. ಮಗಳು ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಸಣ್ಣಾಕಿ ಬುತ್ತಿಯ ಗಂಟಿನ ಮೇಲೆ ಕೂತಳು. ಪಾಠ ಅಂದರೆ ಹೀಗೆ ಮನಸ್ಸಿಗೆ ನಾಟಬೇಕು.

ಮೊದಮೊದಲು ಒಳಗಿನಿಂದ ಗರ್ಜನೆ ಕೇಳಿತು. ಹೊತ್ತು ನೆತ್ತಿಗೇರಿದಂತೆ ಗರ್ಜನೆ ಇಳಿಯಿತು. ‘ಸಾಕು, ತಗೀರಿ. ಪಾಠ ಮುಗೀತು. ಊಟ ಮಾಡೂಣು.’

‘ಕಿಲ್ಲೆ ಇನ್ನೂ ಬಿದ್ದಿಲ್ಲಪ್ಪಾ’ ಎಂದಳು ಮಗಳು.

‘ಬಿತ್ತು ಅಂತ ತಿಳ್ಕೊ!’

‘ಹಂಗಾರ ಕರಾರು ಆಗಬೇಕು. ನಮ್ಮನ್ನ ಸಾಲಿಗೆ ಕಳಸ್ತೀನಿ ಅನ್ನು.’

ಒಳಗಿನಿಂದ ನನ್ನನ್ನು ಕೂಗಿದರು: ‘ಏ, ನೀನರ ಹೇಳು ಅವಕ್ಕ!’

ನಾನು ನೆರಳಿನಲ್ಲಿ ಕಾಲು ಚಾಚಿ ಕೂತಿದ್ದೆ. ‘ನಾ ಯಾರ ಕಡಿಯಾಕಿ ಅಂತ ನೀವು ಪಾಠದಾಗ ಹೇಳಿಲ್ಲಲ್ರೀ.’

ನಾವು ಕಿಂಡಿಯ ಎದುರಿಗೇ ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಶೇಂಗಾದ ಹಿಂಡಿ, ಗಟ್ಟಿ ಮೊಸರು. ಕಿಂಡಿಯಲ್ಲಿ ಕಿಲ್ಲೇದಾರರ ಮೂಗು ಕಂಡಿತು. ಸಣ್ಣಾಕಿ ಅಲ್ಲಿಗೇ ಹೋಗಿ ನಿಂತು, ಪ್ರತಿ ತುತ್ತಿಗೂ ‘ಬದನಿಕಾಯಿ ಭಾಳ ಚಲೋ ಆಗೈತಪ್ಪಾ’ ಎಂದು ವರದಿ ಕೊಟ್ಟಳು.

‘ಮಗನ್ನ ಕಳಸ್ತೀನಿ’ ಎಂದಿತು ಕಿಂಡಿ.

‘ನಂದು ಮೊದಲು’ ಎಂದಳು ಮಗಳು. ಬಾಗಿಲಿಗೆ ಕೊಟ್ಟ ಬೆನ್ನು ತೆಗೆಯಲಿಲ್ಲ.

‘ಆತು. ಇಬ್ರನ್ನೂ.’

‘ತಂಗಿ ದೊಡ್ಡಾಕಿ ಆದಮ್ಯಾಲ ಆಕಿನ್ನೂ.’

ನಾನು ಕೊನೆಯ ಬದನೆಕಾಯಿಗೆ ಕೈ ಹಾಕಿದೆ.

‘ಮೂವರನ್ನೂ ಕಳಸ್ತೀನಿ! ಅದನ್ನ ಅಲ್ಲೇ ಇಡು!’

ಬಾಗಿಲು ತೆರೆಯಿತು. ಕಿಲ್ಲೇದಾರರು ಯಾರ ಮುಖವನ್ನೂ ನೋಡದೆ ಊಟಕ್ಕೆ ಕೂತರು. ಹೊಟ್ಟೆ ತುಂಬಿದ ಮೇಲೆ ಕೈ ಒರೆಸಿಕೊಳ್ಳುತ್ತ, ‘ಹೆಂಗ ಕಲ್ತಾರ ನೋಡು! ಯಾವ ಸಾಲ್ಯಾಗ ಇದನ್ನ ಕಲಸ್ತಾರ?’ ಎಂದು ನನಗೇ ಹೇಳಿದರು.

ಮರುದಿನ ಬೆಳಿಗ್ಗೆ ಮಕ್ಕಳು ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಪಾಟಿಚೀಲ ಹಿಡಿದು ನಿಂತಿದ್ದರು. ಇವರು ಕನ್ನಡಕದ ಮೇಲಿನಿಂದ ನೋಡಿ ಸಾವಕಾಶವಾಗಿ ಹೇಳಿದರು: ‘ಕೂಡಿಹಾಕಿ, ಉಪವಾಸ ಕೆಡವಿ ಮಾಡಿಸಿಕೊಂಡ ಕರಾರು ಕಾನೂನಿನಾಗ ನಿಲ್ಲೂದಿಲ್ಲ. ಬೇಕಾದ್ರ ಕೋರ್ಟಿಗೆ ಹೋಗ್ರಿ.’

ಮಗಳ ಮುಖ ಬಾಡಿತು. ನಾನು ಒಲೆಯ ಮುಂದಿನಿಂದ ಎದ್ದು ಕೈ ತೊಳೆದು, ತಲೆಯ ಮೇಲೆ ಸೆರಗು ಹೊದ್ದು ಹೊಸ್ತಿಲಲ್ಲಿ ನಿಂತೆ.

‘ನಡೀರಿ, ಕೋರ್ಟಿಗೇ ಹೋಗೂಣು. ನನ್ನ ಮಕ್ಕಳು ನನ್ನನ್ನ ಕಿಲ್ಲ್ಯಾಗ ಕೂಡಿಹಾಕಿ, ಬದನಿಕಾಯಿ ತೋರಿಸಿ ಕರಾರು ಮಾಡಿಸ್ಕೊಂಡ್ರು ಅಂತ ಮುನ್ಸಿಫರ ಮುಂದ ನೀವು ಹೇಳ್ರಿ. ನಾ ಸಾಕ್ಷಿ ಹೇಳ್ತೀನಿ. ಸಣ್ಣಾಕಿ ಬದನಿಕಾಯಿ ಹೆಂಗಿತ್ತು ಅಂತ ಹೇಳ್ತಾಳ.’

ಯಜಮಾನರು ನನ್ನನ್ನು ನೋಡಿದರು. ಸಣ್ಣಾಕಿಯನ್ನು ನೋಡಿದರು. ಅವಳು ಆಗಲೇ ಬಾಯಿ ತೆರೆದಿದ್ದಳು.

ಇವರು ಗೂಟದಿಂದ ಟೋಪಿ ತೆಗೆದು ತಲೆಗಿಟ್ಟುಕೊಂಡು, ಇಬ್ಬರ ಪಾಟಿಚೀಲವನ್ನೂ ತಾವೇ ಹೆಗಲಿಗೆ ಹಾಕಿಕೊಂಡು, ಮಕ್ಕಳಿಗಿಂತ ಮುಂದೆ ಶಾಲೆಯ ದಾರಿ ಹಿಡಿದರು. ವಕಾಲತ್ತು ಶುರು ಮಾಡಿದಾಗಿನಿಂದ ಅವರು ಕೋರ್ಟಿನ ಹೊರಗೇ ರಾಜಿ ಮಾಡಿಸಿದ ಮೊದಲ ಮೊಕದ್ದಮೆ ಅದು.